ಸೊಪ್ಪಿನ ಮಡಿಗೆ ಬಂದ ಬೆಕ್ಕು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ, ತಮ್ಮ ಮನೆಯ ಹಿಂದಿನ ಅಂಗೈಯಗಲದ ಜಾಗದಲ್ಲಿ ತರಕಾರಿ ಹಾಕಿರುವುದಾಗಿಯೂ, ಬೀದಿಯ ಬೆಕ್ಕುಗಳೆಲ್ಲ ಬಂದು ಬಿತ್ತಿದ ಬೀಜವನ್ನು ಕೆದರಿ, ಅಲ್ಲಿಯೇ ಹೊಲಸು ಮಾಡಿ ಹೋಗುತ್ತಿರುವುದಾಗಿಯೂ ಹೇಳಿಕೊಂಡರು. "ಸಾರ್, ನಿಮ್ಮ ಹಿತ್ತಿಲಲ್ಲಿ ನೀವು ಏನು ಮಾಡಿದ್ರಿ?" ಎಂದು ಕೇಳಿದರು. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಒಂದು ದಿನವೂ ಪ್ರಶ್ನೆ ಕೇಳದಿದ್ದವರು ಈಗ ಐವತ್ತು ದಾಟಿದ ಮೇಲೆ ಕೇಳಿದರಲ್ಲ ಎಂದು ನನಗೆ ಸಂತೋಷವೇ ಆಯಿತು. ನಾಲ್ಕು ಮಾತಿನಲ್ಲಿ ಉತ್ತರ ಹೇಳಿದೆ. ಫೋನು ಇಟ್ಟ ಮೇಲೆ, ಹೇಳದೆ ಬಿಟ್ಟ ಭಾಗವೇ ಹೆಚ್ಚಾಯಿತು ಎನ್ನಿಸಿತು. ಮೂವತ್ತನಾಲ್ಕು ವರ್ಷ ಚರಿತ್ರೆಯ ಪಾಠ ಹೇಳಿದವನಿಗೆ ಯಾವ ವಿಷಯವನ್ನೇ ಆಗಲಿ ಅದರ ಪೂರ್ವೋತ್ತರಗಳಿಲ್ಲದೆ ಹೇಳಿ ಅಭ್ಯಾಸವಿಲ್ಲ. ಅಲ್ಲದೆ ಈ ವಿಷಯದಲ್ಲಿ ನಾನು ಹದಿನೈದು ವರ್ಷಗಳಿಂದ ಯಾರಿಗೂ ಹೇಳದೆ ಉಳಿಸಿಕೊಂಡ ಒಂದು ಸಂಗತಿಯೂ ಇದೆ. ಅದನ್ನು ಈ ನೆಪದಲ್ಲಿ ಬರೆದುಬಿಡುತ್ತೇನೆ.

ನಮ್ಮ ಮನೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಿತ್ತಿಲಿನಲ್ಲಿ ಒಂದು ತೆಂಗು, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅದರಾಚೆಗೆ ಹದಿನೈದು ಅಡಿ ಚೌಕದ ನೆಲ. 2004ರಲ್ಲಿ ನಿವೃತ್ತನಾದ ಮೇಲೆ ಆ ನೆಲವನ್ನು ಅಗೆದು ನಾಲ್ಕು ಮಡಿ ಮಾಡಿದೆ. ದಂಟು, ಮೆಂತ್ಯ, ಕೊತ್ತಂಬರಿ, ಮೂಲಂಗಿ. ಬೇಸಿಗೆಯಲ್ಲಿ ಬೆಂಡೆ. ಬಿಸಿಲೇರುವ ಮುನ್ನ ಮಣ್ಣನ್ನು ಜರಡಿ ಹಿಡಿದು, ಹಳೆಯ ಸಗಣಿಗೊಬ್ಬರ ಬೆರೆಸಿ, ಕೈಯಿಂದ ಸವರಿ ಸಮ ಮಾಡಿ ಬೀಜ ಚೆಲ್ಲುವುದರಲ್ಲಿ ಒಂದು ಸುಖವಿತ್ತು. ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಮಡಿಯ ನಡುವೆ ಒಂದು ಗುಂಡಿ, ಪಕ್ಕದಲ್ಲಿ ಒಂದು ಗುಡ್ಡೆ. ಕೆದರಿದರೆ ವಾಸನೆ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿಯವರು ಬೀದಿಯ ಬೆಕ್ಕುಗಳಿಗೆ ದಿನವೂ ಹಾಲನ್ನ ಕಲಸಿ ಹಾಕುತ್ತಿದ್ದರು. ಊಟ ಅಲ್ಲಿ, ಶೌಚ ಇಲ್ಲಿ! ಹಲವು ವರ್ಷ ಗೊಣಗಿಕೊಂಡೇ ಸಹಿಸಿದೆ.

2010ರ ಸಂಕ್ರಾಂತಿ ಕಳೆದ ಮೇಲೆ ನನ್ನ ಮಗಳು ಐದನೆಯ ತಿಂಗಳಿನಲ್ಲಿ ತವರಿಗೆ ಬಂದಳು. ಅದಕ್ಕೆ ಹಿಂದಿನ ವರ್ಷ ಅವಳಿಗೆ ಗರ್ಭ ನಿಂತಿರಲಿಲ್ಲ. ಆದ್ದರಿಂದ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಡೆಯುತ್ತಿದ್ದ ಕಾಲ ಅದು. ವೈದ್ಯರು ಟಾರ್ಚ್ ಎಂಬ ರಕ್ತಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಅವಳ ದೇಹವನ್ನು ಇದುವರೆಗೆ ಹೊಕ್ಕಿಲ್ಲವೆಂದು ಬಂದಿತ್ತು. ಒಳ್ಳೆಯದೇ ಆಯಿತಲ್ಲ ಎಂದುಕೊಂಡೆವು. ವೈದ್ಯರು ವಿವರಿಸಿದರು: ಹಿಂದೆ ತಗುಲಿದ್ದರೆ ದೇಹಕ್ಕೆ ಅದರ ಪರಿಚಯವಿರುತ್ತಿತ್ತು, ಪರಿಚಯವಿಲ್ಲದವರಿಗೆ ಗರ್ಭಿಣಿಯಾಗಿದ್ದಾಗಲೇ ಮೊದಲ ಸಲ ತಗುಲಿದರೆ ಶಿಶುವಿನ ಕಣ್ಣಿಗೂ ಮಿದುಳಿಗೂ ತೊಂದರೆ, ಕೆಲವೊಮ್ಮೆ ಗರ್ಭವೇ ಇಳಿಯಬಹುದು. ಮಣ್ಣಿನಲ್ಲಿ ಕೈ ಹಾಕಬೇಡಿ, ಹಸಿ ತರಕಾರಿಯನ್ನು ಚೆನ್ನಾಗಿ ತೊಳೆಯದೆ ತಿನ್ನಬೇಡಿ, ಬೆಕ್ಕು ಹೊಲಸು ಮಾಡಿದ ಜಾಗದಿಂದ ದೂರವಿರಿ ಎಂದರು.

ಆ ಮೂರು ಮಾತು ಕೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಹಿಂದಿನ ದಿನದ ಮೂಲಂಗಿ ಕೋಸಂಬರಿ. ಕೊತ್ತಂಬರಿಯನ್ನು ನಾನೇ ಕಿತ್ತು ತಂದಿದ್ದೆ. ತೊಳೆದಿದ್ದೆವೆ? ತೊಳೆದಿದ್ದೆವು. ಎಷ್ಟು ನೀರಿನಲ್ಲಿ? ನನ್ನ ಹೆಂಡತಿಗೂ ನನಗೂ ಆ ರಾತ್ರಿ ಇದೇ ಮಾತು.

ಬೆಕ್ಕನ್ನು ಓಡಿಸಿ ಎಂದು ವೈದ್ಯರು ಹೇಳಿರಲಿಲ್ಲ. ಅದು ನನ್ನ ಸ್ವಂತ ತೀರ್ಮಾನ. ಮಡಿಗೆ ಬರುತ್ತಿದ್ದುದರಲ್ಲಿ ಮುಖ್ಯವಾದುದು ಒಂದು ಬೂದುಬಣ್ಣದ ಹೆಣ್ಣು ಬೆಕ್ಕು. ಒಂದು ಮುಂಜಾನೆ ಬಚ್ಚಲಿನಲ್ಲಿ ಹಾಲಿನ ಬಟ್ಟಲಿಟ್ಟು, ಬಾಗಿಲು ಮುಚ್ಚಿ, ಗೋಣಿಚೀಲದಲ್ಲಿ ಹಿಡಿದು ಬಾಯಿ ಕಟ್ಟಿದೆ. ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ನಂಜನಗೂಡಿನ ರಸ್ತೆಯಲ್ಲಿ ಬಹಳ ದೂರ ಹೋಗಿ ಒಂದು ಹೊಲದ ಬದುವಿನಲ್ಲಿ ಬಿಟ್ಟೆ. ಹಿಡಿಯುವಾಗ ಅದರ ಮೊಲೆಗಳು ಊದಿಕೊಂಡಿದ್ದುದನ್ನು ಕಂಡಿದ್ದೆ. ಕಂಡದ್ದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸ್ಕೂಟರು ಒದ್ದೆ.

ಮೂರನೆಯ ದಿನ ಅಜ್ಜಿಯವರು ಕಂಪೌಂಡಿನ ಮೇಲಿಂದ ಕೂಗಿದರು. "ಮೇಷ್ಟ್ರೇ, ನಮ್ಮ ಬೂದಿ ಬೆಕ್ಕನ್ನ ಎಲ್ಲಾದ್ರೂ ನೋಡಿದ್ರಾ? ಅಟ್ಟದ ಮೇಲೆ ಮೂರು ಮರಿ ಒಂದೇ ಸಮ ಅಳ್ತಾ ಇವೆ."

"ಇಲ್ಲವಲ್ಲಮ್ಮ" ಎಂದೆ.

ಅವರು ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಗಳ ಬಾಯಿಗಿಟ್ಟರು. ಎರಡು ಮರಿಗಳು ಉಳಿಯಲಿಲ್ಲ. ಒಂದು ಉಳಿಯಿತು. ನಾನು ಎರಡು ಸಲ ಅದೇ ರಸ್ತೆಯಲ್ಲಿ ಹೋಗಿ ಆ ಬದುವಿನ ಸುತ್ತ ಹುಡುಕಿ ಬಂದೆ. ಮನೆಯಲ್ಲಿ ಬ್ಯಾಂಕಿಗೆ ಹೋಗಿದ್ದೆ ಎಂದೆ. ಅಜ್ಜಿಯವರು 2016ರಲ್ಲಿ ತೀರಿಕೊಂಡರು. ಅವರಿಗೆ ಹೇಳಲಿಲ್ಲ. ಅವರ ಮಕ್ಕಳು ನಾನು ಬರೆಯುವುದನ್ನು ಓದುತ್ತಾರೆಂದು ಬಲ್ಲೆ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ದಿನಗಳಲ್ಲಿ, ಮಾಡಿದ್ದಕ್ಕೆ ಸಮರ್ಥನೆ ಸಿಕ್ಕೀತೇ ಎಂದು ಪುಸ್ತಕಗಳನ್ನು ತೆರೆದು ಕುಳಿತೆ. ತೋಟಕ್ಕೂ ಬೆಕ್ಕಿಗೂ ಎಂದಿನಿಂದ ಜಗಳ, ಹಿಂದಿನವರು ಅದನ್ನು ಹೇಗೆ ಹೊರಗಿಟ್ಟರು ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು. ಸಿಕ್ಕಿದ್ದೆಲ್ಲ ನನಗೆ ವಿರುದ್ಧವಾದ ಸಾಕ್ಷ್ಯ.

ಮೊದಲು ಮೂಲಪುರುಷರ ಮಾತು. ಇಂದಿನ ಮನೆಬೆಕ್ಕುಗಳೆಲ್ಲ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಕಾಡುಬೆಕ್ಕಿನ ಸಂತತಿ ಎಂಬುದು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಖಚಿತವಾಯಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿ 2004ರಲ್ಲಿ ಪ್ರಕಟವಾಗಿತ್ತು. ಆ ದ್ವೀಪದಲ್ಲಿ ಸ್ವಾಭಾವಿಕವಾಗಿ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಕರೆತಂದಿರಬೇಕು. ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿ ಬಂದಲ್ಲಿ ಬೆಕ್ಕು ಎಂಬುದು ವಿದ್ವಾಂಸರ ವಿವರಣೆ. ಹಾಗೆ ಬಂದದ್ದು ಪಳಗಿದ ಬೆಕ್ಕೋ, ಒಗ್ಗಿಕೊಂಡ ಕಾಡುಬೆಕ್ಕೋ ಎಂಬ ಚರ್ಚೆ ಇನ್ನೂ ನಡೆದಿದೆ. 2025ರಲ್ಲಿ ಪ್ರಕಟವಾದ ಪ್ರಾಚೀನ ಜೀನೋಮುಗಳ ಅಧ್ಯಯನವು, ಯೂರೋಪಿನ ಮನೆಬೆಕ್ಕುಗಳು ಉತ್ತರ ಆಫ್ರಿಕದಿಂದ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯಷ್ಟೇ ಹೋದವು ಎನ್ನುತ್ತದೆ. ನಮ್ಮ ಪ್ರಕರಣಕ್ಕೆ ಬೇಕಾದುದು ಇಷ್ಟು: ಅದು ಒಣನಾಡಿನ ಪ್ರಾಣಿ. ಸಡಿಲವಾದ ಒಣಮಣ್ಣನ್ನು ಕೆದರಿ, ಮಲವನ್ನು ಮುಚ್ಚಿ ಹೋಗುವುದು ಅದರ ಹುಟ್ಟುಗುಣ. ನಾನು ಜರಡಿ ಹಿಡಿದು, ಹದ ಮಾಡಿ, ಸವರಿ ಇಟ್ಟ ಮಡಿ ಅದರ ಕಣ್ಣಿಗೆ ಹೇಗೆ ಕಂಡಿರಬೇಕೆಂದು ಯೋಚಿಸಿ. ಬೇಕೆಂದೇ ನನಗಾಗಿ ಸಿದ್ಧಪಡಿಸಿದ್ದಾರೆ ಎಂದುಕೊಂಡಿರುತ್ತದೆ.

ಎರಡನೆಯ ಸಾಕ್ಷಿ ಕೌಟಿಲ್ಯ. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೆರೆ, ವ್ಯಾಧಿ, ಕ್ಷಾಮ ಮೊದಲಾದ ಉಪದ್ರವಗಳಿಗೆ ಪರಿಹಾರ ಹೇಳುವ ಭಾಗವಿದೆ. ಇಲಿಗಳ ಭಯ ಬಂದಾಗ ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡಬೇಕು. ಅವುಗಳನ್ನು ಹಿಡಿದವರಿಗೂ ಹಿಂಸಿಸಿದವರಿಗೂ ಹನ್ನೆರಡು ಪಣ ದಂಡ ಎಂದು ಅಲ್ಲಿ ವಿಧಿಸಿದೆ. ತನ್ನ ನಾಯಿಯನ್ನು ಹತೋಟಿಯಲ್ಲಿಡದವನಿಗೂ ಅದೇ ದಂಡ. ಗಮನಿಸಿ: ಕೊಂದರೆ ಮಾತ್ರವೇ ಅಲ್ಲ, ಹಿಡಿದರೂ ದಂಡವೇ. ಗೋಣಿಚೀಲದ ಲೆಕ್ಕದಲ್ಲಿ ನಾನು ಹನ್ನೆರಡು ಪಣ ತೆರಬೇಕಾದವನು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಮುಂಗುಸಿ, ಕಪ್ಪೆ, ನಾಯಿ, ಗೂಬೆ, ಕಾಗೆಗಳ ಜೊತೆಗೆ ಬೆಕ್ಕನ್ನು ಕೊಂದವನಿಗೂ ಪ್ರಾಯಶ್ಚಿತ್ತ ಹೇಳಿದೆ. ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕನ್ನು ದಾನ ಕೊಡಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದುದು ನೆನಪಿದೆ. ಬಿಟ್ಟು ಬಂದದ್ದಕ್ಕೆ ಎಷ್ಟು ತೂಕದ ಬೆಕ್ಕು ಎಂದು ಅವರು ಹೇಳಿರಲಿಲ್ಲ.

ಈ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ್ದು ನಮ್ಮ ಮೈಸೂರಿನಲ್ಲಿಯೇ. ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಆದರೆ ಆ ವರ್ಷಗಳ ಮೈಸೂರು ಎಂಥದು ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿರಲಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಳಿಕ ಮೈಸೂರಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನ ಪಾತ್ರೆಪಡಗ ಕಟ್ಟಿಕೊಂಡು ಊರಾಚೆಯ ಷೆಡ್ಡುಗಳಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಿದ್ದರು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿಬೆಳಕಿನ ಬಡಾವಣೆಗಳನ್ನು ಕಟ್ಟುವ ಕೆಲಸಕ್ಕೆ ವೇಗ ಬಂದದ್ದು ಆಗಲೇ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಹಾಗೆ. ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾದದ್ದು 1903ರಲ್ಲಿ. ಪ್ರತಿ ಮನೆಗೂ ಹಿಂದೆ ಒಂದು ಹಿತ್ತಿಲು ಎಂಬ ಭಾಗ್ಯ ನಮ್ಮಂಥ ಸಾಮಾನ್ಯರಿಗೂ ದಕ್ಕಿದ್ದರಲ್ಲಿ ಪ್ಲೇಗಿನ ಪಾಲು ಸಣ್ಣದಲ್ಲ. ಶಾಸ್ತ್ರಿಗಳು ಆ ತಾಳೆಗರಿಯಲ್ಲಿ ಇಲಿಗಳ ಭಯಕ್ಕೆ ಬೆಕ್ಕು ಬಿಡಬೇಕೆಂಬ ಸಾಲನ್ನು ಓದುವಾಗ ಕಿಟಕಿಯಾಚೆಯ ಊರಿನಲ್ಲಿ ನಿಜಕ್ಕೂ ಇಲಿಗಳ ಭಯವೇ ಇತ್ತು.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಹಾಗಾದರೆ ಬೆಕ್ಕು ಸಾಕಿದರೆ ಸಾಕಲ್ಲ ಎಂಬ ವಾದವೂ ಹಿಂದೆಯೇ ಬಂತು. ಇಂಡಿಯನ್ ಮೆಡಿಕಲ್ ಸರ್ವಿಸಿನ ಬುಕಾನನ್ ಎಂಬ ಅಧಿಕಾರಿ, ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿ, ಬೆಕ್ಕುಗಳನ್ನು ಪ್ಲೇಗು ನಿವಾರಕರೆಂದೇ ಕರೆದು 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಲೇಖನ ಬರೆದರು. ಬೆಕ್ಕಿಗೂ ಪ್ಲೇಗು ತಗುಲುತ್ತದೆ, ಅದರಿಂದ ಮನುಷ್ಯರಿಗೂ ಹರಡಬಲ್ಲುದು ಎಂಬುದು ಈಗ ತಿಳಿದಿರುವುದರಿಂದ ಆ ವಾದವನ್ನು ಪೂರ್ತಿ ಒಪ್ಪುವಂತಿಲ್ಲ. ಆದರೂ ಆ ಕಾಲದಲ್ಲಿ ಹಿತ್ತಿಲಿಗೆ ಬಂದ ಬೆಕ್ಕನ್ನು ಯಾರೂ ಗೋಣಿಚೀಲಕ್ಕೆ ಹಾಕುತ್ತಿರಲಿಲ್ಲವೆಂದು ಊಹಿಸಬಹುದು.

ಬೇರೆ ದೇಶಗಳ ತೋಟಗಳಲ್ಲಾದರೂ ನನ್ನ ಪಕ್ಷದವರು ಸಿಕ್ಕಾರೆಂದು ನೋಡಿದೆ. ರೋಮನರಲ್ಲಿ ಪಲ್ಲಾಡಿಯಸ್ ಎಂಬವನು ಕ್ರಿಸ್ತಶಕ ನಾಲ್ಕು ಐದನೆಯ ಶತಮಾನಗಳ ಸುಮಾರಿಗೆ ಕೃಷಿಯ ಮೇಲೆ ಗ್ರಂಥ ಬರೆದಿದ್ದಾನೆ. ತಿಂಗಳು ತಿಂಗಳಿಗೆ ಏನೇನು ಮಾಡಬೇಕೆಂದು ಹೇಳುವ ಪಂಚಾಂಗದಂಥ ಪುಸ್ತಕ. ಅದರ ಮಾರ್ಚ್ ತಿಂಗಳ ಭಾಗದಲ್ಲಿ ಆರ್ಟಿಚೋಕ್ ಎಂಬ ಮುಳ್ಳೆಲೆಯ ತರಕಾರಿಯ ವಿಚಾರ ಬರುತ್ತದೆ. ನೆಲದೊಳಗೆ ಬಿಲ ಕೊರೆದು ತೋಟ ಹಾಳುಮಾಡುವ ಮೋಲ್ ಎಂಬ ಪ್ರಾಣಿಯ ಕಾಟಕ್ಕೆ ಅವನು ಹೇಳುವ ಉಪಾಯ: ಆ ಪಾತಿಗಳ ನಡುವೆ ಬೆಕ್ಕುಗಳನ್ನು ಇರಿಸಿಕೊಳ್ಳಿ! ತರಕಾರಿ ಮಡಿಯಿಂದ ಬೆಕ್ಕನ್ನು ಹೊರಗಿಡುವುದು ಹೇಗೆಂದು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಒಳಗೆ ಕರೆತರುವ ವಿಧಾನ. ಪುಸ್ತಕ ಮುಚ್ಚಿ ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ.

ಈಜಿಪ್ಟಿನ ಕಥೆ ಇನ್ನೊಂದು ಬಗೆ. ಕೈರೋದಲ್ಲಿ 1260ರಿಂದ 1277ರವರೆಗೆ ಆಳಿದ ಸುಲ್ತಾನ ಬೈಬರ್ಸ್, ಗತಿಯಿಲ್ಲದ ಬೆಕ್ಕುಗಳ ಪೋಷಣೆಗೆಂದು ಒಂದು ತೋಟವನ್ನೇ ಬಿಟ್ಟುಹೋಗಿದ್ದನಂತೆ. ಬೆಕ್ಕಿನ ತೋಟ ಎಂದೇ ಅದರ ಹೆಸರು. ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸ ಈಜಿಪ್ಟಿನವರ ಜೀವನಕ್ರಮದ ಮೇಲೆ 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಬರೆದಿದ್ದಾನೆ. ಅಷ್ಟು ಹೊತ್ತಿಗೆ ಧರ್ಮದರ್ಶಿಗಳು ತೋಟವನ್ನು ಮಾರಿಕೊಂಡಿದ್ದರು (ಇದು ಎಲ್ಲ ದೇಶಗಳಲ್ಲಿಯೂ ಒಂದೇ), ವರ್ಷಕ್ಕೆ ಹದಿನೈದು ಪಿಯಾಸ್ಟರ್ ಗುತ್ತಿಗೆ ಮಾತ್ರ ಬರುತ್ತಿತ್ತು, ಬೆಕ್ಕುಗಳ ಊಟದ ಖರ್ಚು ಬಹುತೇಕ ಕಾಜಿಯ ತಲೆಯ ಮೇಲೆ ಬಿದ್ದಿತ್ತು. ಆದರೂ ದಿನವೂ ಸಂಜೆಯ ಮುಂಚೆ ಕಾಜಿಯ ಅಂಗಳದಲ್ಲಿ ಬೆಕ್ಕುಗಳಿಗೆ ಊಟ ಬೀಳುತ್ತಿತ್ತು. ಅದೇ ಈಜಿಪ್ಟಿನಲ್ಲಿ ಬೆನಿ ಹಸನ್ ಬಳಿ ಪ್ರಾಚೀನರು ದೇವತೆಗೆ ಹರಕೆಯಾಗಿ ಹೂಳಿದ್ದ ಬೆಕ್ಕಿನ ಮಮ್ಮಿಗಳು ಲಕ್ಷಗಟ್ಟಲೆ ಸಿಕ್ಕಿದುವು. ಅವುಗಳಲ್ಲಿ ಸುಮಾರು 1,80,000 ಬೆಕ್ಕುಗಳ, ಹತ್ತೊಂಬತ್ತು ಟನ್ನಿನಷ್ಟು ಸರಕು 1890ರಲ್ಲಿ ಹಡಗಿನಲ್ಲಿ ಲಿವರ್‌ಪೂಲಿಗೆ ಹೋಗಿ ಹರಾಜಾಯಿತು. ಕೊಂಡವರು ಅದನ್ನು ಪುಡಿಮಾಡಿ ಹೊಲಗಳಿಗೆ ಗೊಬ್ಬರವಾಗಿ ಹಾಕಿದರು. ಬೆಕ್ಕು ತರಕಾರಿ ಮಣ್ಣಿಗೆ ಸೇರಬಹುದಾದ ಎಲ್ಲ ದಾರಿಗಳನ್ನೂ ಚರಿತ್ರೆ ನೋಡಿಬಿಟ್ಟಿದೆ.

ಹಾಗಾದರೆ ನನ್ನ ಭಯ ಸುಳ್ಳೇ? ಇಲ್ಲ. ಆದರೆ ಆ ಭಯದ ವಯಸ್ಸು ಬಹಳ ಕಡಿಮೆ. ಬುಕಾನನ್ನರ ಲೇಖನ ಬಂದ 1908ರಲ್ಲಿಯೇ, ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬಿಬ್ಬರು ಗುಂಡಿ ಎಂಬ ಇಲಿಜಾತಿಯ ಪ್ರಾಣಿಯ ದೇಹದಲ್ಲಿ ಟಾಕ್ಸೊಪ್ಲಾಸ್ಮವನ್ನು ಮೊದಲು ಕಂಡರು. ಅದಕ್ಕೂ ಬೆಕ್ಕಿಗೂ ಇರುವ ನಂಟು ತಿಳಿಯಲು ಅರವತ್ತು ವರ್ಷ ಹಿಡಿಯಿತು. ಸ್ಕಾಟ್ಲೆಂಡಿನ ಹಚಿಸನ್ ಎಂಬವರು 1965ರಿಂದ ನಡೆಸಿದ ಪ್ರಯೋಗಗಳು ದಾರಿ ತೋರಿಸಿ, ಬೆಕ್ಕಿನ ಕರುಳಿನಲ್ಲಿ ಈ ಜೀವಿ ಸಂತಾನೋತ್ಪತ್ತಿ ಮಾಡಿ ಅದರ ಮಲದಲ್ಲಿ ಮೊಟ್ಟೆಯಂಥ ಕೋಶಗಳಾಗಿ ಹೊರಬರುತ್ತದೆಂದು 1970ರ ಹೊತ್ತಿಗೆ ಸ್ಥಿರಪಟ್ಟಿತು. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಇವನ್ನು ಹೊರಹಾಕುತ್ತದೆ. ಹೊರಬಿದ್ದ ಕೂಡಲೇ ಅವಕ್ಕೆ ಸೋಂಕುವ ಶಕ್ತಿಯಿಲ್ಲ. ಒಂದರಿಂದ ಐದು ದಿನ ಬೇಕು. ಆದರೆ ಆ ಬಳಿಕ ತೇವದ ಮಣ್ಣಿನಲ್ಲಿ ವರ್ಷಕ್ಕೂ ಮಿಕ್ಕಿ ಬದುಕಿರುತ್ತವೆ. ಬೇಯಿಸಿದರೆ ಸಾಯುತ್ತವೆ. ನಮ್ಮ ಹಿರಿಯರು ಸೊಪ್ಪನ್ನು ಬೇಯಿಸದೆ ತಿನ್ನುತ್ತಿದ್ದುದು ಕಡಿಮೆ ಎಂಬುದನ್ನೂ ನೆನೆಯಬೇಕು. ಅರೆಬೆಂದ ಮಾಂಸದಿಂದಲೂ ಈ ಸೋಂಕು ಬರುತ್ತದೆ. ಇಷ್ಟನ್ನು 2010ರಲ್ಲಿ ಒಂದು ವಾರ ಮುಂಚೆ ಓದಿದ್ದರೆ! ಮಣ್ಣಿನಲ್ಲಿ ಆಗಲೇ ಇರಬಹುದಾದುದು ವರ್ಷಗಟ್ಟಲೆ ಅಲ್ಲಿಯೇ ಇರುವಾಗ, ಬೆಕ್ಕನ್ನು ನಂಜನಗೂಡಿನ ದಾರಿಗೆ ಸಾಗಿಸಿದ್ದರಿಂದ ನನ್ನ ಮಗಳಿಗೆ ಕಿಂಚಿತ್ತೂ ಪ್ರಯೋಜನವಾಗಿರಲಿಲ್ಲ. ಹಸಿ ಕೋಸಂಬರಿ ನಿಲ್ಲಿಸಿ, ಸೊಪ್ಪನ್ನು ಹುಳಿಗೆ ಹಾಕಿದ್ದರೆ ಸಾಕಿತ್ತು.

ಈಗ ನನಗೆ ಅತ್ಯಂತ ಮುಖ್ಯವೆಂದು ತೋರಿದ ಸಂಗತಿಗೆ ಬರುತ್ತೇನೆ. ಇದು ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ನನ್ನ ಬಾಲ್ಯದಲ್ಲಿ ಇದೇ ಹಿತ್ತಿಲಿನಲ್ಲಿ ನಮ್ಮ ತಾಯಿ ಸೊಪ್ಪು ಬೆಳೆಯುತ್ತಿದ್ದರು. ಬೆಕ್ಕುಗಳೂ ಇದ್ದುವು, ಈಗಿಗಿಂತ ಹೆಚ್ಚೇ ಇದ್ದುವು. ಅವರು ಒಮ್ಮೆಯೂ ಈ ದೂರು ಹೇಳಿದ್ದು ನನಗೆ ನೆನಪಿಲ್ಲ. ಏಕೆ? ಬಹಳ ದಿನ ಯೋಚಿಸಿದ ಮೇಲೆ ಹೊಳೆಯಿತು: ಬೂದಿಗುಡ್ಡೆ! ಅಡುಗೆಮನೆಯಲ್ಲಿ ಸೌದೆ ಒಲೆ, ಬಚ್ಚಲಿನಲ್ಲಿ ಹಂಡೆ ಒಲೆ. ದಿನವೂ ಎರಡು ಮೊರ ಬೂದಿಯನ್ನು ತೆಂಗಿನ ಮರದಾಚೆ ಸುರಿಯುತ್ತಿದ್ದರು. ಪಾತ್ರೆ ತಿಕ್ಕಲು ಒಂದಿಷ್ಟು, ಗಿಡಕ್ಕೆ ಒಂದಿಷ್ಟು, ಉಳಿದದ್ದು ಅಲ್ಲಿಯೇ. ಒಣಗಿದ, ನುಣುಪಾದ, ಸಡಿಲವಾದ ಗುಡ್ಡೆ. ಬೆಕ್ಕುಗಳೆಲ್ಲ ಅಲ್ಲಿಗೆ ಹೋಗುತ್ತಿದ್ದುವು. ಅದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಬೂದಿ ತರಲು ಹೋಗಿ ಕೈ ಹೊಲಸು ಮಾಡಿಕೊಂಡು ಬೈಸಿಕೊಂಡಿದ್ದೇನೆ.

ದೇಶದಲ್ಲಿ ಇಂಡೇನ್ ಗ್ಯಾಸು ಮೊದಲು ಬಂದದ್ದು 1965ರಲ್ಲಿ. ನಮ್ಮ ಮನೆಗೆ 1979ರಲ್ಲಿ. ಅಡುಗೆಮನೆಯ ಬೂದಿ ಅಂದಿಗೆ ನಿಂತಿತು. ಬಚ್ಚಲಿಗೆ ಗೀಸರು ಬಂದ ಮೇಲೆ ಹಂಡೆಯ ಬೂದಿಯೂ ನಿಂತಿತು. ಬೂದಿಗುಡ್ಡೆಯಿದ್ದ ಜಾಗಕ್ಕೆ, ಕೆಸರಾಗುತ್ತದೆಂದು ನಾನೇ ಸಿಮೆಂಟು ಹಾಕಿಸಿದೆ. ಆಮೇಲೆ ಎಡಪಕ್ಕದವರು ಹಿತ್ತಿಲಿಗೆಲ್ಲ ಹಾಸುಗಲ್ಲು ಹಾಕಿಸಿದರು, ಎದುರಿನವರು ಕಾರಿಗೆ ಷೆಡ್ಡು ಕಟ್ಟಿದರು, ರಸ್ತೆಯಂಚಿನ ಮಣ್ಣಿಗೂ ಹಾಸುಬಿಲ್ಲೆ ಬಂತು. 2004ರಲ್ಲಿ ನಾನು ಮಡಿ ಮಾಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಬೆಕ್ಕಿನ ಕಾಲು ಕೆದರಬಹುದಾದ ನೆಲ ನನ್ನ ಹದಿನೈದು ಅಡಿ ಚೌಕವೊಂದೇ ಉಳಿದಿತ್ತು. ಒಲೆಯಲ್ಲಿ ಬೆಕ್ಕು ಮಲಗಿದೆ ಎಂದರೆ ಬಡತನ ಎಂದು ಅರ್ಥ ಹೇಳಿಕೊಡುತ್ತಿದ್ದೆ. ಒಲೆಯೇ ಇಲ್ಲದ ಮೇಲೆ ಬೆಕ್ಕು ಎಲ್ಲಿಗೆ ಹೋಗಬೇಕೆಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ.

ಇದು ತಿಳಿದ ಮೇಲೆ ಉಪಾಯ ಸುಲಭವಾಯಿತು. ಅದಕ್ಕೆ ಮುಂಚೆ ಪಟ್ಟ ಪಾಡನ್ನೂ ಹೇಳಿಬಿಡಬೇಕು. ನೀಲಿ ಬೆರೆಸಿದ ನೀರನ್ನು ಬಾಟಲಿಗೆ ತುಂಬಿಟ್ಟರೆ ಬರುವುದಿಲ್ಲವೆಂದರು. ಬಾಟಲಿಗೆ ಮೈ ಉಜ್ಜಿಕೊಂಡು ಹೋಯಿತು. ಕಿತ್ತಳೆ ಸಿಪ್ಪೆ ಒಣಗುವವರೆಗೆ, ಅಂದರೆ ಎರಡು ದಿನ, ಕೆಲಸ ಮಾಡಿತು. ನುಸಿಗುಳಿಗೆ ಚೆಲ್ಲಲು ಹೇಳಿದವರೂ ಇದ್ದರು. ಅದು ಬೆಕ್ಕಿಗೆ ವಿಷ, ಸೊಪ್ಪಿನ ಮಣ್ಣಿಗೆ ಹಾಕುವ ವಸ್ತುವೂ ಅಲ್ಲ; ದಯವಿಟ್ಟು ಯಾರೂ ಮಾಡಬೇಡಿ. ಖಾರದ ಪುಡಿಯನ್ನೂ ಬೇಡಿ. ಕಾಲಿಗೆ ಅಂಟಿದ್ದನ್ನು ಅದು ನೆಕ್ಕುತ್ತದೆ, ಕಣ್ಣಿಗೆ ಉಜ್ಜಿಕೊಳ್ಳುತ್ತದೆ. ನಮ್ಮ ಕಿವಿಗೆ ಕೇಳಿಸದ ಸದ್ದು ಮಾಡುವ ಯಂತ್ರವನ್ನು ನನ್ನ ಅಳಿಯ ಕೊಡಿಸಲು ಮುಂದಾದ. ಅಂಥದನ್ನು ಬ್ರಿಟನ್ನಿನ ತೋಟಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಪ್ರಯೋಗಗಳ ಪೈಕಿ ಒಂದರಲ್ಲಿ ಮಾತ್ರ ಬೆಕ್ಕುಗಳು ಬರುವ ಸಂಭವ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ದುಡ್ಡು ಉಳಿಸು ಎಂದೆ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು ಹೆದರಿಸಿದ ಕಥೆಯನ್ನು ನಾನು ಮೂವತ್ತನಾಲ್ಕು ವರ್ಷ ನಗುನಗುತ್ತ ಹೇಳಿದ್ದೇನೆ. 2010ರ ಬಳಿಕ ಮೊಮ್ಮಗಳಿಗೆ ಆ ಕಥೆ ಹೇಳಲಿಲ್ಲ.

ನಿಂತ ಉಪಾಯ ಎರಡೇ. ಮೊದಲನೆಯದು, ಮಡಿಯಲ್ಲಿ ಬರಿಯ ಸಡಿಲಮಣ್ಣು ಕಾಣದಂತೆ ನೋಡಿಕೊಳ್ಳುವುದು. ಬೀಜ ಚೆಲ್ಲಿದ ಕೂಡಲೇ ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಮಡಿಯ ಮೇಲೆ ಚಪ್ಪಟೆಯಾಗಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಬೇಕು. ಮೊಳಕೆ ಕಣ್ಣುಗಳ ನಡುವಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದರಲು ಬರುವುದಿಲ್ಲ. ಬಲೆಯಿಲ್ಲದಿದ್ದರೆ ತೆಂಗಿನ ಗರಿಯ ಕಡ್ಡಿಗಳನ್ನು ಗೇಣಿಗೆರಡರಂತೆ ಒತ್ತಾಗಿ ನೆಡಿ. ನಿಂಬೆಯ ಮುಳ್ಳುಕಡ್ಡಿ ಹರಡಿದರೂ ಆದೀತು. ನೀರನ್ನು ಸಂಜೆ ಹಾಕಿ, ರಾತ್ರಿ ಮಣ್ಣು ಒದ್ದೆಯಿರಲಿ. ಗಿಡ ಗೇಣುದ್ದ ಬೆಳೆದು ನೆಲ ಮುಚ್ಚಿದ ಮೇಲೆ ಒಣ ಎಲೆ ಹೊದಿಸಿದರೆ ಸಾಕು.

ಎರಡನೆಯದು, ಬೂದಿಗುಡ್ಡೆಯನ್ನು ಹಿಂದಕ್ಕೆ ಕೊಡುವುದು. ತೆಂಗಿನ ಮರದಾಚೆಯ ಸಿಮೆಂಟನ್ನು ಮೂರಡಿ ಚೌಕ ಒಡೆಸಿ, ಮಣ್ಣು ತೆಗೆಸಿ, ಒಂದು ತಟ್ಟು ಮರಳು ತುಂಬಿಸಿದೆ. ಮಳೆ ಬೀಳದಂತೆ ಮೇಲೊಂದು ಹಳೆಯ ತಗಡು. ದಿನವೂ ಬೆಳಗ್ಗೆ ಕೈಚೀಲ ತೊಟ್ಟು ಕರಣೆಯಿಂದ ಎತ್ತಿ ದೂರದಲ್ಲಿ ಆಳವಾಗಿ ಹೂಳುತ್ತೇನೆ. ಒಂದು ದಿನವೂ ತಪ್ಪಿಸಬಾರದು. ಮೇಲೆ ಹೇಳಿದ ಕೋಶಗಳಿಗೆ ಶಕ್ತಿ ಬರುವುದರೊಳಗೆ ಎತ್ತಿಬಿಡುವುದೇ ಉದ್ದೇಶ. ಅದನ್ನು ತರಕಾರಿಯ ಗೊಬ್ಬರದ ಗುಂಡಿಗೆ ಹಾಕಬಾರದು. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಬೇರೆಯವರದು, ಹಸಿ ಸೊಪ್ಪು ಆ ಒಂಬತ್ತು ತಿಂಗಳು ಬೇಡ. ಬಿಟ್ಟು ಬರುವ ಯೋಚನೆ ಯಾರಿಗಾದರೂ ಇದ್ದರೆ, ಪ್ರಾಣಿಯನ್ನು ಹಸಿವು ನೀರಡಿಕೆಗೆ ಸಿಲುಕುವಂತೆ ತೊರೆದು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹೋರಾಡಿ ತಂದ ಕಾಯಿದೆ ಅದು. ಪರೀಕ್ಷೆಗೆ ಬರುತ್ತದೆಂದು ಗುರುತು ಹಾಕಿಸುತ್ತಿದ್ದೆ.

ಅಜ್ಜಿಯವರ ಅಟ್ಟದಲ್ಲಿ ಉಳಿದ ಆ ಒಂದು ಮರಿ ತಾಯಿಯಂತೆಯೇ ಬೂದುಬಣ್ಣದ್ದು. ಜೂನ್ ತಿಂಗಳಿನಲ್ಲಿ ಮಗಳಿಗೆ ಸುಖಪ್ರಸವವಾಗಿ ಹೆಣ್ಣು ಮಗು ಹುಟ್ಟಿತು. ಮರಿ ಕಂಪೌಂಡು ಹತ್ತುವಷ್ಟು ದೊಡ್ಡದಾದದ್ದೂ ಆ ಮಳೆಗಾಲದಲ್ಲಿಯೇ. ಮಾರನೆಯ ವರ್ಷ ಅದನ್ನು ಪಶುವೈದ್ಯರ ಬಳಿ ಒಯ್ದು ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದೆ. ಬೆತ್ತದ ಬುಟ್ಟಿಯಲ್ಲಿ ಒಯ್ದೆ, ಗೋಣಿಚೀಲ ಮುಟ್ಟಲಾಗಲಿಲ್ಲ. "ನೀವು ಬೆಕ್ಕಿನ ಜನ ಅಲ್ಲ ಅಂದುಕೊಂಡಿದ್ದೆ ಮೇಷ್ಟ್ರೇ" ಎಂದು ಅಜ್ಜಿಯವರು ಖರ್ಚಿನಲ್ಲಿ ಅರ್ಧ ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಹೇಳುವುದಕ್ಕೆ ಅದು ಒಳ್ಳೆಯ ಹೊತ್ತಾಗಿತ್ತು, ಹೇಳಲಿಲ್ಲ. ಅವರು ಹೋದ ಮೇಲೆ ಹಾಲನ್ನ ಕಲಸುವ ಕೆಲಸ ನನ್ನ ಹೆಂಡತಿಗೆ ಬಂತು. ಬೆಕ್ಕು ಹದಿಮೂರು ವರ್ಷ ಬದುಕಿ 2023ರಲ್ಲಿ ಸತ್ತಿತು. ತೆಂಗಿನ ಬುಡದಲ್ಲಿ ಹೂಳಿದೆವು.

ಮರಳಿನ ಮೂಲೆಗೆ ಈಗ ಬೇರೆ ಮೂರು ಬೆಕ್ಕುಗಳು ಬರುತ್ತವೆ. ಯಾರ ಮನೆಯವೋ ತಿಳಿಯದು. ನಿನ್ನೆ ಮೆಂತ್ಯ ಚೆಲ್ಲಿ ಬಲೆ ಹಾಸಿದ್ದೇನೆ.